ಸೆಕೆಯ ದೂರು ಸೂರ್ಯನ ಮೇಲೆ ಬೇಡ

ವಾಟ್ಸಾಪ್‌ನಲ್ಲಿ ವರ್ಷಕ್ಕೆ ಮೂರು ಸಲವಾದರೂ ಸೂರ್ಯನ ಮೇಲೆ ಕೇಸು ಬೀಳುತ್ತದೆ. ಮಾರ್ಚ್ ತಿಂಗಳಲ್ಲಿ "ಈಕ್ವಿನಾಕ್ಸ್ ಬಂತು, ಐದು ದಿನ 40 ಡಿಗ್ರಿ, ಹೊರಗೆ ಹೋಗಬೇಡಿ" ಅಂತ ಒಂದು ಮೆಸೇಜು. ಜುಲೈಯಲ್ಲಿ "ಭೂಮಿ ಸೂರ್ಯನಿಂದ ದೂರ ಹೋಗಿದೆ, ಶೀತ, ಕೆಮ್ಮು ಶುರುವಾಗುತ್ತದೆ" ಅಂತ ಇನ್ನೊಂದು. ಮಧ್ಯದಲ್ಲಿ ಯಾವಾಗ ಬೇಕಾದರೂ ಬರುವುದು ಮೂರನೆಯದು: "ಇವತ್ತು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣ, ಮೊಬೈಲ್ ದೂರ ಇಟ್ಟು ಮಲಗಿ, ನಾಸಾ ಹೇಳಿದೆ."

ಇವಕ್ಕೆಲ್ಲ ಉದ್ದದ ಉತ್ತರ ಬೇಡ. ಈಕ್ವಿನಾಕ್ಸ್ ಅಂದರೆ ಹಗಲು, ರಾತ್ರಿ ಸಮನಾಗುವ ವಿಷುವ ದಿನ, ಅದು ಪ್ರತಿ ಮಾರ್ಚ್‌ನಲ್ಲೂ ಬರುತ್ತದೆ. ಮಂಗಳೂರಿನ ನೆತ್ತಿಗೆ ಸೂರ್ಯ ಬರುವುದಾದರೂ ಅದಾಗಿ ತಿಂಗಳು ಕಳೆದ ಮೇಲೆ, ಏಪ್ರಿಲ್ 24ರ ಆಸುಪಾಸಿಗೆ. ಜುಲೈ ಮೊದಲ ವಾರ ಭೂಮಿ ದೂರದಲ್ಲಿರುವುದು ನಿಜ, ಸುಮಾರು 15.2 ಕೋಟಿ ಕಿಲೋಮೀಟರ್. ಜನವರಿಯಲ್ಲಿ 14.7 ಕೋಟಿ. ಹತ್ತಿರ ಇರುವ ಜನವರಿಯಲ್ಲೇ ಅಲ್ವಾ ನಾವು ಬೆಳಗ್ಗೆ ಸ್ವಲ್ಪ ಚಳಿ ಅನ್ನುವುದು? ಇನ್ನು ಬಾಹ್ಯಾಕಾಶದಿಂದ ಸದಾ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ಕಣಗಳು ನೀವು ಇದನ್ನು ಓದುವಾಗಲೂ ನಿಮ್ಮ ಮೈಯೊಳಗಿಂದ ಹಾದು ಹೋಗುತ್ತಿವೆ. ಅವು ಗಡಿಯಾರ ನೋಡುವುದಿಲ್ಲ.

ನನಗೆ ತಲೆನೋವು ಈ ಮೆಸೇಜುಗಳದ್ದಲ್ಲ. ಅವನ್ನು ನಂಬದವರದ್ದು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಎಂಜಿನಿಯರುಗಳು, ಡಾಕ್ಟರುಗಳು. ಹವಾಮಾನದ ಬಗ್ಗೆ ನನ್ನ ಭಾಷಣ ಶಿಸ್ತಾಗಿ ಕೇಳುತ್ತಾರೆ. ಚಪ್ಪಾಳೆಯೂ ಹೊಡೆಯುತ್ತಾರೆ. ಆಮೇಲೆ ಚಾ ಕುಡಿಯುವಾಗ ಹತ್ತಿರ ಬಂದು ಸ್ವರ ತಗ್ಗಿಸಿ ಕೇಳುತ್ತಾರೆ: "ಮೇಡಂ, ನೀವು ಹೇಳಿದ್ದೆಲ್ಲ ಸರಿ. ಆದ್ರೆ ನಿಜ ಹೇಳಿ, ಇದೆಲ್ಲ ಸೂರ್ಯನದ್ದೇ ಕೆಲಸ ಅಲ್ವಾ? ಸೋಲಾರ್ ಸ್ಟಾರ್ಮ್ ಜಾಸ್ತಿ ಆಗಿದೆಯಂತೆ. ಅದಕ್ಕೇ ಈ ಸೆಕೆ, ಅದಕ್ಕೇ ಹಿಮಾಲಯ ಕರಗ್ತಾ ಉಂಟು."

ಹಿಮನದಿಗಳ ಐಸು ಪರೀಕ್ಷೆ ಮಾಡುವ ನನ್ನ ಕೆಲಸವೇ ಅವರಿಗೆ ಸಾಕ್ಷಿ ಬೇರೆ. "ನೀವು ಐಸ್ ಓದಿದ್ದೀರಿ, ಸೂರ್ಯನನ್ನೂ ಓದಿದ್ದೀರಿ. ಸಂಬಂಧ ಇಲ್ಲದಿದ್ರೆ ಯಾಕೆ ಎರಡನ್ನೂ ಓದಿದ್ದು?" ಒಬ್ಬರು ಹೀಗೆ ನನ್ನನ್ನು ಕಟ್ಟಿಹಾಕಿದ್ದೇನೆ ಅಂತ ಖುಷಿಯಲ್ಲಿ ಬಿಸ್ಕೀಟು ಚಾದಲ್ಲಿ ಮುಳುಗಿಸಿಯೇ ಮರೆತರು.

ಸಂಬಂಧ ಉಂಟು. ಅವರು ಅಂದುಕೊಂಡದ್ದಲ್ಲ, ಅಷ್ಟೇ.

ನಾನು ಉಡುಪಿ ಕಡೆಯವಳು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ಹಿಮನದಿಗಳ ಐಸನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಹೊರಟಾಗ ಮನೆಯಲ್ಲಿ ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ದೊಡ್ಡಮ್ಮ ಕೇಳಿದ್ದು, "ಐಸ್ ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಮಾರಾಯ್ತಿ, ಮಲ್ಪೆಯಲ್ಲೇ ಐಸ್ ಪ್ಲಾಂಟ್ ಉಂಟಲ್ಲ?" ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನೂ ಅಲ್ಲಿಯವರೆಗೆ ನೋಡಿದ್ದು ಮೀನಿನ ಬುಟ್ಟಿಗೆ ಹಾಕುವ ಐಸನ್ನೇ.

ಹಿಮನದಿಯ ಐಸಿನಲ್ಲಿ ಬೆರಿಲಿಯಂ-10 ಎಂಬ ವಸ್ತು ಅತೀ ಸಣ್ಣ ಪ್ರಮಾಣದಲ್ಲಿ ಇರುತ್ತದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಮೇಲಿನ ಗಾಳಿಯ ಸಾರಜನಕ, ಆಮ್ಲಜನಕದ ಪರಮಾಣುಗಳಿಗೆ ಬಡಿದಾಗ ಅದು ಹುಟ್ಟುತ್ತದೆ. ಹಿಮದ ಜೊತೆ ಕೆಳಗೆ ಬಿದ್ದು ಪದರ ಪದರವಾಗಿ ಹೂತು ಹೋಗುತ್ತದೆ. ಸೂರ್ಯ ಚುರುಕಾಗಿದ್ದ ಕಾಲದಲ್ಲಿ ಅವನ ಕಾಂತಕ್ಷೇತ್ರ ಕಾಸ್ಮಿಕ್ ಕಿರಣಗಳನ್ನು ಹೆಚ್ಚು ತಡೆಯುತ್ತದೆ. ಆಗ ಬೆರಿಲಿಯಂ ಕಡಿಮೆ. ಸೂರ್ಯ ತೂಕಡಿಸುವ ಕಾಲದಲ್ಲಿ ಜಾಸ್ತಿ. ಹಾಗಾಗಿ ಐಸನ್ನು ಕೊರೆದು ನೋಡಿದರೆ ಸಾವಿರಾರು ವರ್ಷಗಳ ಹಿಂದೆ ಸೂರ್ಯ ಹೇಗಿದ್ದ ಅಂತ ಅಂದಾಜು ಸಿಗುತ್ತದೆ.

ಅದೇ ಐಸಿನಲ್ಲಿ ಹಳೆಯ ಗಾಳಿಯ ಗುಳ್ಳೆಗಳೂ ಇವೆ. ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಐಸಿನಿಂದ 8 ಲಕ್ಷ ವರ್ಷಗಳ ಗಾಳಿಯ ಲೆಕ್ಕ ಸಿಕ್ಕಿದೆ. ಆ ಇಡೀ ಕಾಲದಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 300 ಭಾಗದ ಮೇಲೆ ಹೋದದ್ದಿಲ್ಲ. ಕಾರ್ಖಾನೆಗಳು ಬರುವ ಮೊದಲು 280. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ ಸುಮಾರು 315. ಈಗ 420 ದಾಟಿದೆ.

ಒಂದೇ ತುಂಡು ಐಸಿನಲ್ಲಿ ಸೂರ್ಯನ ಲೆಕ್ಕವೂ ಇದೆ, ಗಾಳಿಯ ಲೆಕ್ಕವೂ ಇದೆ. ನಾನು ಎರಡನ್ನೂ ಓದಿದ್ದು ಅದಕ್ಕೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೇ ಗೊತ್ತಾಗುವುದು ಯಾವುದು ಯಾವುದರ ಜೊತೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ.

ಸೂರ್ಯನಿಂದ ನಮಗೆ ಬರುವುದರಲ್ಲಿ ಎರಡು ಬಗೆ. ಒಂದು ಬೆಳಕು. ಬಟ್ಟೆ ಒಣಗುವುದು, ಭತ್ತ ಬೆಳೆಯುವುದು, ಸಮುದ್ರದ ನೀರು ಆವಿಯಾಗಿ ಮಳೆಯಾಗುವುದು, ಎಲ್ಲ ಇದರಿಂದಲೇ. ವಾಯುಮಂಡಲದ ಹೊರಗೆ ಒಂದು ಚದರ ಮೀಟರಿಗೆ ಸುಮಾರು 1361 ವಾಟ್. 1978ರಿಂದ ಉಪಗ್ರಹಗಳು ಇದನ್ನು ಅಳೆಯುತ್ತಾ ಬಂದಿವೆ. ಸೂರ್ಯನ ಕಲೆಗಳು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವಲ್ಲ, ಅದರ ಜೊತೆ ಈ ಬೆಳಕೂ ಏರಿಳಿಯುತ್ತದೆ. ಎಷ್ಟು? ಶೇಕಡಾ 0.1. ಭೂಮಿಯ ಸರಾಸರಿ ತಾಪಮಾನಕ್ಕೆ ಅದರಿಂದ ಆಗುವ ವ್ಯತ್ಯಾಸ 0.1 ಡಿಗ್ರಿಯ ಆಸುಪಾಸು. ಅದೂ ಏರಿದ್ದು ಮತ್ತೆ ಇಳಿಯುತ್ತದೆ. ನಮ್ಮ ಭೂಮಿ ಬಿಸಿಯಾದದ್ದು ಹಾಗಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೋಲಿಸಿದರೆ 2011ರಿಂದ 2020ರ ದಶಕ ಸುಮಾರು 1.1 ಡಿಗ್ರಿ ಹೆಚ್ಚು ಬಿಸಿ. ಈಚಿನ ದಶಕಗಳಲ್ಲಿ ಸೂರ್ಯ ಚುರುಕಾಗಿದ್ದಾನಾ ಅಂದರೆ ಅದೂ ಇಲ್ಲ. ಆ 11 ವರ್ಷಗಳ ಚಕ್ರಗಳಲ್ಲಿ 2019ರ ಡಿಸೆಂಬರ್‌ಗೆ ಮುಗಿದ 24ನೆಯದು ನೂರು ವರ್ಷಗಳಲ್ಲೇ ಬಡಕಲು ಚಕ್ರವಾಗಿತ್ತು. ಅದೇ ಹೊತ್ತಿನಲ್ಲಿ ಇಲ್ಲಿ ಸೆಕೆಯ ದಾಖಲೆಗಳು ಮುರಿಯುತ್ತಿದ್ದವು.

ಇನ್ನೊಂದು ಬಗೆ, ಕಣಗಳು ಮತ್ತು ಕಾಂತಕ್ಷೇತ್ರ. ಸೌರಮಾರುತ ಅನ್ನುತ್ತೇವೆ. ಅದು ಸದಾ ಬೀಸುತ್ತಲೇ ಇರುತ್ತದೆ. ಒಮ್ಮೊಮ್ಮೆ ಸೂರ್ಯನ ಮೈಯಿಂದ ದೊಡ್ಡ ಮುದ್ದೆ ಸಿಡಿದು ನಮ್ಮ ಕಡೆ ಬಂದರೆ ಅದು ಸೌರ ಬಿರುಗಾಳಿ, ಅವರು ಹೇಳುವ ಸೋಲಾರ್ ಸ್ಟಾರ್ಮ್. ಟಿವಿಯವರು ಬೆಂಕಿಯ ಚಿತ್ರ ಹಾಕಿ ತೋರಿಸುವುದರಿಂದ ನೋಡಿದವರಿಗೆ ಬಿಸಿಯೇ ನೆನಪಿಗೆ ಬರುತ್ತದೆ. ಆದರೆ ಸಾಮಾನ್ಯ ಸೌರಮಾರುತ ಹೊತ್ತು ತರುವ ಶಕ್ತಿ ಬೆಳಕಿನ ಶಕ್ತಿಯ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬಿರುಗಾಳಿ ಎದ್ದರೂ ಲಕ್ಷದಲ್ಲಿ ಒಂದು ಪಾಲಿನ ಸುತ್ತಮುತ್ತ. ಅದರಲ್ಲೂ ಹೆಚ್ಚಿನದ್ದನ್ನು ಭೂಮಿಯ ಕಾಂತಕ್ಷೇತ್ರ ಪಕ್ಕಕ್ಕೆ ತಳ್ಳುತ್ತದೆ. ಉಳಿದದ್ದು ನೂರು ಕಿಲೋಮೀಟರಿನ ಮೇಲೆಯೇ ಖರ್ಚಾಗುತ್ತದೆ.

2024ರ ಮೇ 10, 11ರಂದು ಇಪ್ಪತ್ತು ವರ್ಷಗಳಲ್ಲೇ ದೊಡ್ಡ ಬಿರುಗಾಳಿ ಬಂತು. 2003ರ ಅಕ್ಟೋಬರ್ ನಂತರ ಆ ಮಟ್ಟದ್ದು ಬಂದಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದನ್ನು ಕ್ಯಾಮೆರಾಗಳು ಹಿಡಿದವು. ಆ ವಾರ ನನಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಒಂದೇ ಮಾತು. "ಅದಕ್ಕೇ ಮೇಡಂ, ನಿನ್ನೆ ರಾತ್ರಿ ಫ್ಯಾನ್ ಹಾಕಿದ್ರೂ ನಿದ್ರೆ ಬರ್ಲಿಲ್ಲ." ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಯಾವ ವರ್ಷ ನಿದ್ರೆ ಬಂದಿತ್ತು ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಅವರು ಬಹಳ ಒಳ್ಳೆಯವರು, ಪ್ರತಿ ವರ್ಷ ಹಲಸಿನ ಹಪ್ಪಳ ಕಳಿಸುತ್ತಾರೆ.

ಇನ್ನೂ ದೊಡ್ಡದು ಬೇಕಾದರೆ 1859ರ ಸೆಪ್ಟೆಂಬರ್ ಉಂಟು. ಕ್ಯಾರಿಂಗ್ಟನ್ ಎಂಬ ಇಂಗ್ಲಿಷ್ ಖಗೋಳಜ್ಞ ಸೂರ್ಯನ ಮೇಲೆ ಬೆಳಕು ಮಿಂಚಿದ್ದನ್ನು ಕಣ್ಣಾರೆ ಕಂಡ. ಮರುದಿನ ಟೆಲಿಗ್ರಾಫ್ ಯಂತ್ರಗಳಿಂದ ಕಿಡಿ ಹಾರಿತು. ನಮ್ಮದೇ ಪಶ್ಚಿಮ ಕರಾವಳಿಯಲ್ಲಿ, ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ, ಭೂಮಿಯ ಕಾಂತಕ್ಷೇತ್ರ ಧಡಕ್ಕನೆ ಕುಸಿದದ್ದು ದಾಖಲಾಗಿದೆ. ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಅಂತ ಇವತ್ತಿನ ವಿಜ್ಞಾನಿಗಳು ಲೆಕ್ಕ ಹಾಕುವುದಕ್ಕೆ ಕೊಲಾಬಾದ ಆ ಹಾಳೆಗಳು ಬೇಕು. ಆಗ ಥರ್ಮಾಮೀಟರುಗಳೂ ಇದ್ದವು. ಆದರೂ ಆ ಬಿರುಗಾಳಿಯಿಂದ ಲೋಕ ಬಿಸಿಯಾಯಿತು ಅಂತ ಅವು ಹೇಳಿಲ್ಲ.

ಇಷ್ಟು ಹೇಳಿದ ಮೇಲೆ ಒಬ್ಬ ಜಾಣ ಹುಡುಗ ಎದ್ದು ನಿಲ್ಲುತ್ತಾನೆ. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜಿನ ಕಡೆ ಹೋದರಂತೂ ಖಂಡಿತ. "ಮೇಡಂ, 2022ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್‌ನ ಉಪಗ್ರಹಗಳು ಬಿದ್ದದ್ದು ವಾಯುಮಂಡಲ ಬಿಸಿಯಾಗಿಯೇ ಅಲ್ವಾ?" ಹೌದು ಮಗಾ. ಹಾರಿಸಿದ 49ರಲ್ಲಿ 40ರ ಹತ್ತಿರ ಹೋದವು. ಬಿರುಗಾಳಿಯಿಂದ ಮೇಲಿನ ಗಾಳಿ ಬಿಸಿಯಾಗಿ ಹಿಗ್ಗಿತು, ಉಪಗ್ರಹಗಳಿಗೆ ತಡೆ ಹೆಚ್ಚಾಯಿತು, ಬಿದ್ದವು. ಆದರೆ ಅದು ಸುಮಾರು 210 ಕಿಲೋಮೀಟರ್ ಎತ್ತರ. ಅಲ್ಲಿಯ ಗಾಳಿ ಸಮುದ್ರ ಮಟ್ಟದ ಗಾಳಿಯ ನೂರು ಕೋಟಿಯಲ್ಲಿ ಒಂದು ಪಾಲೂ ದಪ್ಪ ಇಲ್ಲ. ಅಲ್ಲಿ ನೂರಾರು ಡಿಗ್ರಿ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಕೈ ಹೊರಗೆ ಇಟ್ಟರೆ ಬಿಸಿ ತಾಗುವುದಿಲ್ಲ, ತಾಗಲು ಅಲ್ಲಿ ಕಣಗಳೇ ಸಾಲದು. ಆ ಬಿಸಿ ಕೆಳಗೆ ಇಳಿದು ಮಂಗಳೂರಿನ ಕಂಕನಾಡಿಗೆ ಬರುವ ದಾರಿಯೇ ಇಲ್ಲ. ಒಂದೆರಡು ದಿನದಲ್ಲಿ ಬಾಹ್ಯಾಕಾಶಕ್ಕೇ ವಾಪಸ್ ಹೋಗುತ್ತದೆ.

ಇನ್ನು ಹಿಮಾಲಯಕ್ಕೆ ಬರುತ್ತೇನೆ. ಜನ ಹೆಚ್ಚು ಎಡವುವುದು ಇಲ್ಲಿ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ.

ಹಿಮಾಚಲದ ಲಾಹೌಲಿನಲ್ಲಿ ಛೋಟಾ ಶಿಗ್ರಿ ಅಂತ ಹಿಮನದಿ. ಒಂಬತ್ತು ಕಿಲೋಮೀಟರ್ ಉದ್ದ. ಕರಗಿದ ನೀರು ಚಂದ್ರಾ ನದಿಗೆ ಹೋಗುತ್ತದೆ. 2002ರಿಂದ ಅಲ್ಲಿ ಪ್ರತಿ ವರ್ಷ ಅಳತೆ ನಡೆಯುತ್ತಿದೆ. ಐಸಿಗೆ ತೂತು ಕೊರೆದು ಬಿದಿರಿನ ಗಳ ಇಳಿಸುತ್ತಾರೆ. ಮುಂದಿನ ವರ್ಷ ಹೋದಾಗ ಗಳ ಎಷ್ಟು ಹೊರಗೆ ಬಂದಿದೆ ನೋಡುತ್ತಾರೆ. ಅಷ್ಟು ಐಸು ಹೋಯಿತು ಅಂತ ಲೆಕ್ಕ. ಮೇಲ್ಭಾಗದಲ್ಲಿ ಹೊಸದಾಗಿ ಬಿದ್ದ ಹಿಮವನ್ನೂ ಅಗೆದು ಅಳೆಯುತ್ತಾರೆ. ಜಮಾ ಖರ್ಚು ಎರಡೂ ನೋಡಿದರೆ, ಸರಾಸರಿ ವರ್ಷಕ್ಕೆ ಅರ್ಧ ಮೀಟರ್ ನೀರಿನಷ್ಟು ಐಸು ನಷ್ಟದಲ್ಲಿದೆ. ಇಷ್ಟೆಲ್ಲ ಉಪಗ್ರಹಗಳ ಕಾಲದಲ್ಲೂ ಈ ಬಿದಿರಿನ ಗಳಕ್ಕೆ ಬದಲಿ ಸಿಕ್ಕಿಲ್ಲ ಅಂದರೆ ನಮ್ಮ ಕಡೆಯವರಿಗೆ ಖುಷಿಯಾಗುತ್ತದೆ.

ಈ ಐಸನ್ನು ಕರಗಿಸುವುದು ಯಾವುದು? ಲೆಕ್ಕ ಹಾಕಿ ನೋಡಿದರೆ ಬಹುಪಾಲು ಬಿಸಿಲೇ. "ನೋಡಿ, ನೀವೇ ಹೇಳಿದ್ರಿ!" ಅಂತ ಬ್ಯಾಂಕಿನಿಂದ ನಿವೃತ್ತರಾದ ಆ ಸಾರ್ ಇಲ್ಲೇ ಹಾರಿ ಬೀಳುತ್ತಾರೆ. ತಡೆಯಿರಿ ಸಾರ್.

ಕರಗಿಸುವುದು ಬಿಸಿಲು. ಆದರೆ ಬಿಸಿಲು ಜಾಸ್ತಿಯಾಗಿಲ್ಲ. ಎರಡೂ ಮಾತು ಒಟ್ಟಿಗೆ ನಿಜ.

ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ರಿಂದ 90ರಷ್ಟನ್ನು ವಾಪಸ್ ಕಳಿಸುತ್ತದೆ. ಕೊಳೆಯಾದ ಹಳೆ ಐಸು ಶೇಕಡಾ 20ರಿಂದ 40ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ, ಉಳಿದದ್ದನ್ನು ಕುಡಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಆಗಾಗ ಒಂದು ಪದರ ಹೊಸ ಹಿಮ ಬಿದ್ದರೆ ಹಿಮನದಿ ಬಚಾವ್. ಗಾಳಿ ಒಂದು ಡಿಗ್ರಿ ಬಿಸಿಯಾದಾಗ ಏನಾಗುತ್ತದೆ? ಹಿಮವಾಗಿ ಬೀಳಬೇಕಾದದ್ದು ಕೆಳಭಾಗದಲ್ಲಿ ಮಳೆಯಾಗಿ ಬೀಳುತ್ತದೆ. ಚಳಿಗಾಲದ ಹಿಮ ಬೇಗ ಕರಗಿ ಕೊಳೆ ಐಸು ಬೇಗ ಹೊರಗೆ ಬರುತ್ತದೆ. ಕರಗುವ ದಿನಗಳು ಹೆಚ್ಚಾಗುತ್ತವೆ. ಸೂರ್ಯ ಕಳೆದ ವರ್ಷ ಕೊಟ್ಟಷ್ಟೇ ಬೆಳಕು ಈ ವರ್ಷವೂ ಕೊಟ್ಟ. ಐಸು ಅದರಲ್ಲಿ ಜಾಸ್ತಿ ಪಾಲು ಒಳಗೆ ಹಾಕಿಕೊಂಡಿತು. ಮೊದಲು ತಳ್ಳಿದ್ದು ಬಿಸಿಯಾದ ಗಾಳಿ. ಆ ಗಾಳಿ ಬಿಸಿಯಾದದ್ದು ನಾವು ಸುಟ್ಟ ಕಲ್ಲಿದ್ದಲು, ಎಣ್ಣೆಯಿಂದ.

ಇದರಲ್ಲಿ ನಾನು ಎಚ್ಚರಿಕೆಯಿಂದ ಮಾತಾಡಬೇಕಾದ ಜಾಗಗಳೂ ಇವೆ. ಎಲ್ಲ ಹಿಮನದಿಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕಾರಕೋರಂನ ಕೆಲವು ಬಹಳ ಕಾಲ ಹೆಚ್ಚುಕಡಿಮೆ ಇದ್ದಷ್ಟೇ ಇದ್ದವು. ಕಲ್ಲುಮಣ್ಣಿನ ತೆಳು ಹೊದಿಕೆ ಕರಗುವುದನ್ನು ಹೆಚ್ಚಿಸುತ್ತದೆ, ದಪ್ಪ ಹೊದಿಕೆ ತಡೆಯುತ್ತದೆ. ಬಯಲು ಸೀಮೆಯ ಹೊಗೆಯ ಮಸಿ ಹೋಗಿ ಹಿಮದ ಮೇಲೆ ಕೂರುವುದೂ ಉಂಟು, ಅದರ ಪಾಲು ಎಷ್ಟು ಅಂತ ಜಾಗದಿಂದ ಜಾಗಕ್ಕೆ ಲೆಕ್ಕ ಬೇರೆಯಾಗುತ್ತದೆ. ಮಂಗಳೂರಿನ ಯಾವುದೋ ಒಂದು ದಿನದ ಸೆಕೆಗೆ ಇದೇ ಕಾರಣ ಅಂತ ಕೈಮಾಡಿ ತೋರಿಸಲು ಕೇಳಿದರೂ ನಾನು ತೋರಿಸುವುದಿಲ್ಲ. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೋ ಇರಬಹುದು. ಅರಬ್ಬಿ ಸಮುದ್ರ ಬಿಸಿಯಾಗಿದೆ, ಗಾಳಿಯಲ್ಲಿ ಪಸೆ ಹೆಚ್ಚು, ಬೆವರು ಒಣಗುವುದಿಲ್ಲ. ಮನೆ ಎದುರಿನ ಮಾವಿನ ಮರ ಕಡಿದು ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೂ ಇರಬಹುದು. ಇಷ್ಟೆಲ್ಲ ಅನುಮಾನಕ್ಕೆ ಜಾಗ ಕೊಟ್ಟ ಮೇಲೂ ಆರೋಪಿಗಳ ಪಟ್ಟಿಯಲ್ಲಿ ಸೂರ್ಯನ ಬಿರುಗಾಳಿ ಇಲ್ಲ.

ಇದೇ ಉತ್ಸಾಹದಲ್ಲಿ ಕೆಲವರು ಉಳ್ಳಾಲದ ಕಡಲ್ಕೊರೆತವನ್ನೂ ಹಿಮಾಲಯಕ್ಕೆ ಕಟ್ಟುತ್ತಾರೆ. ಸಮುದ್ರ ಏರುತ್ತಿರುವುದು ನಿಜ. 1901ರಿಂದ 2018ರವರೆಗೆ ಲೋಕದ ಸರಾಸರಿ 20 ಸೆಂಟಿಮೀಟರ್. ಆದರೆ ಒಂದು ಮಳೆಗಾಲದಲ್ಲಿ ತೆಂಗಿನ ಮರದ ಸಾಲು ಉರುಳಿತು ಅಂದರೆ ಮೊದಲು ಮರಳು ಎಲ್ಲಿಗೆ ಹೋಯಿತು ಅಂತ ಕೇಳಬೇಕು. ನದಿಬಾಯಿ, ಕಲ್ಲಿನ ಗೋಡೆ, ಅಲೆಯ ದಿಕ್ಕು ಇವನ್ನು ನೋಡಬೇಕು. ಅದು ಕರಾವಳಿ ಎಂಜಿನಿಯರುಗಳ ಕ್ಷೇತ್ರ, ನಾನು ಕೈ ಹಾಕುವುದಿಲ್ಲ.

ಸೂರ್ಯನದ್ದಲ್ಲ ಅಂತ ಇಷ್ಟು ಖಡಾಖಂಡಿತ ಹೇಗೆ ಹೇಳುತ್ತೀರಿ ಅಂದರೆ, ಸಾಕ್ಷಿ ನಮ್ಮ ತಲೆ ಮೇಲೆಯೇ ಇದೆ. ಪಣಂಬೂರಿನಿಂದ ಹವಾಮಾನ ಇಲಾಖೆಯವರು ಬಲೂನು ಬಿಡುತ್ತಾರಲ್ಲ, ಅಂಥ ಬಲೂನುಗಳು ಲೋಕದ ತುಂಬ ಎಷ್ಟೋ ದಶಕಗಳಿಂದ ಏರುತ್ತಿವೆ. 1979ರಿಂದ ಉಪಗ್ರಹಗಳ ಅಳತೆಯೂ ಇದೆ. ಎರಡೂ ಹೇಳುವುದು ಒಂದೇ: ನಾವಿರುವ ಕೆಳಗಿನ ಗಾಳಿ ಬಿಸಿಯಾಗುತ್ತಿದೆ, ಅದರ ಮೇಲಿನ ಗಾಳಿಯ ಪದರ, ಅಂದರೆ ಸ್ತರಗೋಳ, ತಣ್ಣಗಾಗುತ್ತಿದೆ.

ಹಳೆಯ ಹಂಚಿನ ಮನೆಯ ಅಡುಗೆ ಕೋಣೆ ನೆನಪು ಮಾಡಿಕೊಳ್ಳಿ. ಒಲೆಯ ನೇರ ಮೇಲೆ ಅಟ್ಟ. ಒಲೆಗೆ ಸೌದೆ ಜಾಸ್ತಿ ತುರುಕಿದರೆ ಕೋಣೆಯೂ ಬಿಸಿ, ಅಟ್ಟವೂ ಬಿಸಿ. ಅಡುಗೆ ಕೋಣೆ ಬಿಸಿಯಾಗುತ್ತಿದೆ, ಅದೇ ಹೊತ್ತಿಗೆ ಅಟ್ಟ ತಣ್ಣಗಾಗುತ್ತಿದೆ ಅಂದರೆ ಒಲೆಯನ್ನು ಬೈದು ಪ್ರಯೋಜನ ಇಲ್ಲ. ನಡುವೆ ಬೇರೆ ಏನೋ ಆಗಿದೆ. ಉಪಮೆ ಇಲ್ಲಿಗೇ ಸಾಕು, ಎಳೆದರೆ ಹರಿಯುತ್ತದೆ. ಸ್ತರಗೋಳ ತಣ್ಣಗಾಗಲು ನಿಜವಾದ ಕಾರಣ ಏನೆಂದರೆ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ ಅದು ಇನ್ನೂ ಜೋರಾಗಿ ಶಾಖವನ್ನು ಹೊರಗೆ ಬಾಹ್ಯಾಕಾಶಕ್ಕೆ ಸೂಸುತ್ತದೆ. ಓಝೋನ್ ಕಡಿಮೆಯಾದದ್ದಕ್ಕೂ ಅದರಲ್ಲಿ ಪಾಲುಂಟು, ಮುಖ್ಯವಾಗಿ ಸ್ತರಗೋಳದ ಕೆಳಭಾಗದಲ್ಲಿ. ಮೇಲಕ್ಕೆ ಹೋದಂತೆ ಕಾರ್ಬನ್ ಡೈಆಕ್ಸೈಡ್‌ನದ್ದೇ ಕಾರುಬಾರು.

ಇದನ್ನು ಯಾರೂ ಆಮೇಲೆ ಕೂತು ಹೊಂದಿಸಿ ಹೇಳಿದ್ದಲ್ಲ. ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಬರೆದಿದ್ದರು: ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಕೆಳಗೆ ಬಿಸಿ, ಮೇಲೆ ತಂಪು. ಉಪಗ್ರಹಗಳ ಅಳತೆ ಶುರುವಾಗುವ ಎಷ್ಟೋ ಮೊದಲು. ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಬಂತು. ಸೂರ್ಯ ಜೋರಾಗಿದ್ದರೆ ಮೇಲೂ ಕೆಳಗೂ ಬಿಸಿಯಾಗಬೇಕಿತ್ತು. ಆಗಿಲ್ಲ. ಭಾಷಣದಲ್ಲಿ ನಾನು ಈ ಒಂದು ಮಾತನ್ನು ಮೂರು ಸಲ ಹೇಳುತ್ತೇನೆ. ಚಾದ ಹೊತ್ತಿಗೆ ಮರೆತಿರುತ್ತಾರೆ.

ಉಡುಪಿಯಲ್ಲಾದರೆ ಇನ್ನೊಂದು ಗೂಗ್ಲಿ ಬರುತ್ತದೆ. "ಹಾಗಾದ್ರೆ ನಮ್ಮ ಯು.ಆರ್. ರಾಯರು ಬರೆದದ್ದು?" ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಗೌರವ. ಓದಿಕೊಂಡು ಬಂದಿರುತ್ತಾರೆ.

ಉಡುಪಿ ಕಡೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ರಾಯರನ್ನು ಜನ ನೆನೆಯುವುದು ಭಾರತದ ಮೊದಲ ಉಪಗ್ರಹ, 1975ರ ಆರ್ಯಭಟದಿಂದ. ನಮ್ಮ ಕ್ಷೇತ್ರದವರು ಇನ್ನೊಂದು ಕಾರಣಕ್ಕೂ ನೆನೆಯುತ್ತೇವೆ. ಅಮೆರಿಕದಲ್ಲಿದ್ದಾಗ ಅವರು ಮ್ಯಾರಿನರ್-2 ನೌಕೆಯ ಮಾಹಿತಿ ಹಿಡಿದುಕೊಂಡು, ಸೌರಮಾರುತ ಬಿಟ್ಟು ಬಿಟ್ಟು ಅಲ್ಲ, ಸದಾ ಬೀಸುತ್ತದೆ ಅಂತ ತೋರಿಸಿದ ಮೊದಲಿಗರಲ್ಲಿ ಒಬ್ಬರು. ಬಾಹ್ಯಾಕಾಶದ ಹವೆ ಅಂತ ಇವತ್ತು ನಾವು ಕರೆಯುವ ವಿದ್ಯೆಯ ತಳಪಾಯದಲ್ಲಿ ಅದಮಾರಿನ ಕಲ್ಲೂ ಒಂದಿದೆ.

ಅವರು 2011ರ ಜನವರಿಯಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಾದ ಹೀಗೆ: 150 ವರ್ಷಗಳಲ್ಲಿ ಕಾಸ್ಮಿಕ್ ಕಿರಣಗಳು ಶೇಕಡಾ 9ರಷ್ಟು ಕಡಿಮೆಯಾಗಿವೆ, ಐಸಿನ ಬೆರಿಲಿಯಂ-10 ಅದನ್ನು ಹೇಳುತ್ತದೆ. ಕಾಸ್ಮಿಕ್ ಕಿರಣಗಳು ಕಡಿಮೆಯಾದರೆ ಕೆಳಮಟ್ಟದ ಮೋಡ ಕಡಿಮೆ, ಮೋಡ ಕಡಿಮೆಯಾದರೆ ಭೂಮಿಗೆ ಬಿಸಿ. ಆ ಪಾಲು ಕಾರ್ಬನ್ ಡೈಆಕ್ಸೈಡ್‌ನ ಪಾಲಿನ ಶೇಕಡಾ 60ರಷ್ಟು. ಗಮನಿಸಿ, ಕಾರ್ಬನ್ ಡೈಆಕ್ಸೈಡ್‌ಗೆ ಪಾಲಿಲ್ಲ ಅಂತ ರಾಯರು ಹೇಳಲಿಲ್ಲ. ಅವರದೇ ಲೆಕ್ಕದಲ್ಲೂ ದೊಡ್ಡ ಪಾಲು ಅದರದ್ದೇ. ಅವರ ಹೆಸರು ಹಿಡಿದು ವಾದಿಸುವವರು ಈ ಸಾಲನ್ನು ಓದಿರುವುದಿಲ್ಲ.

ಆ ವಾದ ನಿಂತಿತಾ? ನನ್ನ ಅಭಿಪ್ರಾಯದಲ್ಲಿ ಇಲ್ಲ. ಒಂದು ಪರೀಕ್ಷೆಯನ್ನು ಪ್ರಕೃತಿಯೇ ಮಾಡಿತ್ತು. 2009ರಲ್ಲಿ ಸೂರ್ಯ ಬಹಳ ಮಂಕಾಗಿದ್ದ. ಬಾಹ್ಯಾಕಾಶ ಯುಗ ಶುರುವಾದ ಮೇಲೆ ಅಳೆದದ್ದರಲ್ಲೇ ಹೆಚ್ಚು ಕಾಸ್ಮಿಕ್ ಕಿರಣಗಳು ಆಗ ಬಂದವು. ವಾದ ನಿಜವಾಗಿದ್ದರೆ ಮೋಡ ಹೆಚ್ಚಾಗಿ ಭೂಮಿ ತಣ್ಣಗಾಗಬೇಕಿತ್ತು. 2010 ಅಲ್ಲಿಯವರೆಗಿನ ಅತಿ ಬಿಸಿ ವರ್ಷಗಳ ಸಾಲಿನ ತುದಿಯಲ್ಲಿ ನಿಂತಿತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಕ್ಲೌಡ್ ಎಂಬ ಪ್ರಯೋಗ ಇದಕ್ಕೆಂದೇ ನಡೆಯಿತು. ಕಾಸ್ಮಿಕ್ ಕಿರಣಗಳು ಸಣ್ಣ ಕಣಗಳು ಹುಟ್ಟಲು ಸಹಾಯ ಮಾಡುವುದು ನಿಜ, ಆದರೆ ಅವುಗಳ ಏರಿಳಿತದಿಂದ ಇವತ್ತಿನ ಮೋಡಗಳ ಮೇಲೆ ಲೆಕ್ಕಕ್ಕೆ ಸಿಗುವಷ್ಟು ಪರಿಣಾಮ ಇಲ್ಲ ಅಂತ ಕಂಡಿತು. ದೊಡ್ಡ ವಿಜ್ಞಾನಿ ಒಂದು ಪ್ರಶ್ನೆ ಎತ್ತಿದರು, ಲೋಕ ಅದನ್ನು ಪರೀಕ್ಷೆ ಮಾಡಿತು, ಉತ್ತರ ಬೇರೆ ಬಂತು. ಇದರಲ್ಲಿ ಊರಿನ ಮರ್ಯಾದೆಯ ಪ್ರಶ್ನೆ ಎಲ್ಲಿಂದ ಬಂತು ಮಾರಾಯ್ರೇ?

ಬಿರುಗಾಳಿ ಸೆಕೆ ತರುವುದಿಲ್ಲ ಅಂದ ಕೂಡಲೇ ಅದು ಲೆಕ್ಕಕ್ಕಿಲ್ಲ ಅಂತ ತಿಳಿಯಬೇಡಿ. 1989ರ ಮಾರ್ಚ್‌ನಲ್ಲಿ ಅಂಥದ್ದೊಂದು ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನರಿಗೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ಅದು ಧ್ರುವಕ್ಕೆ ಹತ್ತಿರದ ಊರುಗಳ ತೊಂದರೆ. ನಮ್ಮಲ್ಲಿ ಕರೆಂಟ್ ಹೋದರೆ ಮೊದಲು ತಂತಿಯ ಮೇಲೆ ಬಿದ್ದ ಗೆಲ್ಲು ಹುಡುಕಿ.

ನಮ್ಮ ತೊಂದರೆ ಬೇರೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಅದರಿಂದ ನಮ್ಮ ತಲೆಯ ಮೇಲಿನ ಅಯಾನುಗೋಳದಲ್ಲಿ, ಅಂದರೆ ವಿದ್ಯುತ್ ಕಣಗಳಿರುವ ಮೇಲಿನ ಗಾಳಿಯ ಪದರದಲ್ಲಿ, ಸೂರ್ಯ ಮುಳುಗಿದ ಮೇಲೆ ಗುಳ್ಳೆಗಳಂಥ ತೆಳು ಜಾಗಗಳು ಎದ್ದು ಬರುತ್ತವೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ ಜಾಸ್ತಿ. ಜಿಪಿಎಸ್ ಸಿಗ್ನಲ್ ಅವುಗಳ ಮೂಲಕ ಬರುವಾಗ ಮಿಣಮಿಣ ಅನ್ನುತ್ತದೆ, ಕೆಲವೊಮ್ಮೆ ತಪ್ಪಿಯೇ ಹೋಗುತ್ತದೆ. ಇದಕ್ಕೆ ಬಿರುಗಾಳಿಯೇ ಬೇಕೆಂದಿಲ್ಲ.

ಮಲ್ಪೆಯ ಒಬ್ಬ ತಾಂಡೇಲರು, ಅಂದರೆ ಮೀನಿನ ಬೋಟ್ ನಡೆಸುವವರು, ಒಮ್ಮೆ ಕೇಳಿದರು: "ಅಕ್ಕಾ, ಕತ್ತಲಾದ ಮೇಲೆ ಒಂದೊಂದು ದಿನ ಜಿಪಿಎಸ್‌ನಲ್ಲಿ ಬೋಟ್ ಇದ್ದಲ್ಲಿಂದ ಹಾರಿದ ಹಾಗೆ ಕಾಣ್ತದೆ. ಆಮೇಲೆ ತನ್ನಷ್ಟಕ್ಕೇ ಸರಿಯಾಗ್ತದೆ. ಎಂತ ಅದು?" ವರ್ಷಗಟ್ಟಲೆ ಭಾಷಣ ಮಾಡಿದರೂ ಸಿಗದ ಪ್ರಶ್ನೆ ಇದು. ಹೊತ್ತು, ತಿಂಗಳು ಎರಡನ್ನೂ ಅವರೇ ಗಮನಿಸಿದ್ದರು. ಅಯಾನುಗೋಳದ ಆ ಗುಳ್ಳೆಗಳ ಕೆಲಸ ಇರಬಹುದು ಅಂದೆ. ಮೊದಲು ಆಂಟೆನಾದ ಕೇಬಲ್ ಉಪ್ಪು ನೀರಿಗೆ ತುಕ್ಕು ಹಿಡಿದಿದೆಯಾ ನೋಡಿ ಅಂತಲೂ ಹೇಳಿದೆ. ಪಕ್ಕದ ಬೋಟಿಗೂ ಅದೇ ಹೊತ್ತಿಗೆ ಹಾಗೇ ಆದರೆ ಅಯಾನುಗೋಳ, ನಿಮಗೊಬ್ಬರಿಗೇ ಆದರೆ ಕೇಬಲ್. ಬಂಡೆ, ಅಳಿವೆ ಹತ್ತಿರ ಇರುವಾಗ ಮಾತ್ರ ಒಂದು ಯಂತ್ರವನ್ನೇ ನಂಬಿ ಕೂರಬೇಡಿ, ಅದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಈ ಬಿರುಗಾಳಿಗಳ ಮೇಲೆ ಕಣ್ಣಿಡುವುದಕ್ಕೆ ನಮ್ಮದೇ ನೌಕೆ ಆದಿತ್ಯ ಎಲ್-1 ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. 2023ರ ಸೆಪ್ಟೆಂಬರ್ 2ರಂದು ಹೊರಟದ್ದು, 2024ರ ಜನವರಿ 6ಕ್ಕೆ ತನ್ನ ಜಾಗ ಸೇರಿತು. ಅದು ನೋಡುವುದು ಉಪಗ್ರಹ, ರೇಡಿಯೋ, ಜಿಪಿಎಸ್‌ಗಳಿಗೆ ಏನು ಕಾದಿದೆ ಅಂತ. ನಾಳೆ ಹೊರಗೆ ಹೋಗುವಾಗ ಕೊಡೆ ಬೇಕಾ ಅಂತ ಅದನ್ನು ಕೇಳಬೇಡಿ.

ಈಚೆಗೆ ಪಿಯುಸಿ ಮಕ್ಕಳ ತಾಯಂದಿರೂ ಕೇಳುತ್ತಾರೆ, ಮಗಳಿಗೆ ಇದೆಲ್ಲ ಓದಬೇಕಂತೆ, ಎಂತ ಮಾಡಬೇಕು ಅಂತ. ಭೌತಶಾಸ್ತ್ರ ಮತ್ತು ಗಣಿತ ಗಟ್ಟಿ ಇರಲಿ, ರಸಾಯನಶಾಸ್ತ್ರವಾದರೂ ಆದೀತು, ನಾನೇ ಇದ್ದೇನಲ್ಲ. ಹವಾಮಾನಕ್ಕೆ ಬೆಂಗಳೂರಿನ ಐಐಎಸ್‌ಸಿಯ ದಿವೇಚಾ ಕೇಂದ್ರ, ಸೂರ್ಯನಿಗೆ ಅಲ್ಲಿಯೇ ಭಾರತೀಯ ಖಭೌತ ಸಂಸ್ಥೆ, ಅಯಾನುಗೋಳಕ್ಕೆ ತಿರುವನಂತಪುರದ ಬಾಹ್ಯಾಕಾಶ ಭೌತ ಪ್ರಯೋಗಾಲಯ, ನವಿ ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆ. ಹಿಮಾಲಯದ ಹಿಮನದಿಗಳಿಗೆ ಡೆಹ್ರಾಡೂನಿನ ವಾಡಿಯಾ ಸಂಸ್ಥೆ. ಐಸಿಗಾದರೆ ಗೋವಾದ ವಾಸ್ಕೋದಲ್ಲಿ ಧ್ರುವ ಸಂಶೋಧನಾ ಕೇಂದ್ರ. ಅಂಟಾರ್ಕ್ಟಿಕಾದ ಮೈತ್ರಿ, ಭಾರತಿ ನೆಲೆಗಳನ್ನು ನಡೆಸುವವರು ಅವರೇ.

ಕಳೆದ ತಿಂಗಳು ಒಬ್ಬ ತಾಯಿಗೆ ಇಷ್ಟೆಲ್ಲ ಹೇಳಿದೆ. ಅವರ ಚಿಂತೆ ಬೇರೆಯಿತ್ತು. "ಅಲ್ಲ ಮೇಡಂ, ಯಾವಾಗ್ಲೂ ಆ ಹಿಮದಲ್ಲೇ ಇರ್ಬೇಕಾ? ಅವಳಿಗೆ ಮೊದಲೇ ಶೀತದ ಮೈ." ವರ್ಷದ ಹೆಚ್ಚಿನ ದಿನ ಕಂಪ್ಯೂಟರ್ ಮುಂದೆಯೇ ಕೂರುವುದು ಅಂದೆ. ಹಿಮಾಲಯಕ್ಕೆ ಹೋಗುವುದು ಬೇಸಿಗೆಯ ಕೆಲವು ವಾರ. ವಾಸ್ಕೋದಲ್ಲಿ ಐಸು ಇಡುವ ಕೋಣೆ ಮಾತ್ರ ಮೈನಸ್ 20 ಡಿಗ್ರಿ, ಒಳಗೆ ಹೋಗಲು ದಪ್ಪ ಕೋಟು ಕೊಡುತ್ತಾರೆ, ಸ್ವಲ್ಪ ಹೊತ್ತಿಗೊಮ್ಮೆ ಹೊರಗೆ ಬಂದು ಗೋವಾದ ಸೆಕೆಯಲ್ಲಿ ನಿಲ್ಲಬಹುದು. ಅವರು ಮಗಳ ಮುಖ ನೋಡಿದರು. ಆಮೇಲೆ, ಉಡುಪಿಯಿಂದ ಮಡಗಾಂವ್‌ಗೆ ಬೆಳಗ್ಗೆ ಯಾವ ರೈಲು ಉಂಟು ಅಂತ ನನ್ನನ್ನೇ ಕೇಳಿದರು.